ಮಕ್ಕಳು ಚಿಕ್ಕವರಿದ್ದಾಗ ನಿಮ್ಮ ಹವ್ಯಾಸ ಹೇಗೆ ಉಳಿಸಿಕೊಂಡಿರಿ?

ಕೇಳಿದವರು: ಇಬ್ಬರು ಮಕ್ಕಳ ಅಮ್ಮ

ದೊಡ್ಡವನಿಗೆ ಆರು, ಚಿಕ್ಕವಳಿಗೆ ಈಗಷ್ಟೇ ಎರಡು ತುಂಬಿದೆ. ಮದುವೆಗೆ ಮುಂಚೆ ಕಸೂತಿ ಹಾಕ್ತಿದ್ದೆ, ಅಕ್ರಿಲಿಕ್‌ನಲ್ಲಿ ಚಿತ್ರ ಬಿಡಿಸ್ತಿದ್ದೆ. ಅರ್ಧ ಹೊಲಿದ ದಿಂಬಿನ ಕವರೊಂದು ಬೀರುವಿನ ಮೇಲಿನ ಅರೆಯಲ್ಲಿ ದೊಡ್ಡವನು ಹುಟ್ಟೋಕೆ ಮುಂಚಿನಿಂದ ಹಾಗೇ ಇದೆ. ಮಧ್ಯಾಹ್ನ ಮಗಳು ಮಲಗಿದಾಗ ಕೂರೋಣ ಅಂದ್ಕೋತೀನಿ. ಡಬ್ಬ ಇಳಿಸಿ, ದಾರ ಬಿಡಿಸಿ, ಸೂಜಿಗೆ ಪೋಣಿಸೋ ಅಷ್ಟರಲ್ಲಿ ಎದ್ದು ಕೂತಿರ್ತಾಳೆ. ಯಜಮಾನರು ಒಳ್ಳೆಯವರೇ. "ಮಾಡ್ಕೋ, ಯಾರು ಬೇಡ ಅಂದ್ರು" ಅಂತಾರೆ. ಅಂದು ಹೊರಗೆ ಹೊರಟುಬಿಡ್ತಾರೆ, ಅಷ್ಟೇ.

ಈ ಹಂತ ದಾಟಿದವರು ಏನು ಮಾಡಿದ್ರಿ, ಹೇಳಿ. "ಬೆಳಿಗ್ಗೆ ಐದಕ್ಕೆ ಏಳಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಕ್ರೋಶಾ ಹಾಕುವ ಅಮ್ಮ

ಮಗು ಆಗೋಕೆ ಮುಂಚೆ ನಾನು ಸ್ವೆಟರ್ ಹೆಣೀತಿದ್ದೆ. ಆದ ಮೇಲೆ ಅದನ್ನ ಬದಿಗಿಟ್ಟು ಕ್ರೋಶಾ (ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆ) ಹಿಡಿದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿ ಮೇಲೇ ಕೂತಿರ್ತವೆ. ಮಗು ಬಂದು ಕಡ್ಡಿ ಎಳೆದರೆ ಅಷ್ಟೂ ಒಟ್ಟಿಗೆ ಜಾರುತ್ತೆ, ಆಮೇಲೆ ಒಂದೊಂದನ್ನೇ ಹಿಡಿದು ವಾಪಸ್ ಏರಿಸಬೇಕು. ಕ್ರೋಶಾದಲ್ಲಿ ಒಂದು ಹೊಲಿಗೆ ಮುಗಿದ ಮೇಲೆ ಕಡ್ಡಿಯಲ್ಲಿ ಉಳಿಯೋದು ಒಂದೇ ಕುಣಿಕೆ. ಅದಕ್ಕೊಂದು ಸೇಫ್ಟಿ ಪಿನ್ ಸಿಕ್ಕಿಸಿಬಿಟ್ಟರೆ ಯಾರು ಎಳೆದರೂ ಬಿಚ್ಚಲ್ಲ. ಬಾಗಿಲು ಬಡಿದರೂ, ಬಚ್ಚಲಿಂದ "ಅಮ್ಮಾ ಆಯ್ತು" ಅಂತ ಕೂಗು ಬಂದರೂ ಆರಾಮಾಗಿ ಎದ್ದು ಹೋಗಬಹುದು.

ನೋಡಿದರೆ ನಿಮ್ಮ ಕಸೂತಿ ಇದಕ್ಕಿಂತ ಅನುಕೂಲ. ಹಾಕಿದ ಹೊಲಿಗೆ ಬಟ್ಟೆಯಲ್ಲೇ ಇರುತ್ತೆ, ಎಲ್ಲಿ ಬೇಕಾದರೂ ಬಿಡಬಹುದು. ನಿಮ್ಮ ಕಷ್ಟ ಇರೋದು ಶುರು ಮಾಡೋದರಲ್ಲಿ. ಡಬ್ಬ ಇಳಿಸೋದು, ದಾರ ಬಿಡಿಸೋದು, ಪೋಣಿಸೋದು, ಇದರಲ್ಲೇ ಹೊತ್ತು ಹೋಗ್ತಿದೆ. ಆ ಕೆಲಸವನ್ನ ರಾತ್ರಿ, ತಲೆ ಓಡದೇ ಇರೋ ಹೊತ್ತಿಗೆ ತಳ್ಳಿ. ಲಡಿಯ ದಾರದಲ್ಲಿ ಆರು ಎಳೆ ಇರುತ್ತಲ್ಲ, ಮೊಳದುದ್ದಕ್ಕೆ ಕತ್ತರಿಸಿ (ಇನ್ನೂ ಉದ್ದ ಆದರೆ ಸಿಕ್ಕು ಬೀಳುತ್ತೆ), ಎರಡೆರಡು ಎಳೆ ಬಿಡಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಸೂಜಿ ಪೋಣಿಸಿ ಇಟ್ಟುಬಿಡಿ. ಮಾರನೇ ದಿನ ಕೂತ ತಕ್ಷಣ ಮೊದಲ ಹೊಲಿಗೆ ಬೀಳಬೇಕು. ಏಳೋವಾಗ ಒಂದು ಎಲೆಯನ್ನೋ ಹೂವನ್ನೋ ಪೂರ್ತಿ ಮುಗಿಸಿ ಏಳಬೇಡಿ. ಅರ್ಧಕ್ಕೆ ಬಿಟ್ಟಿದ್ದರೆ ಮುಂದಿನ ಸಲ ಎಲ್ಲಿಂದ ಶುರು ಮಾಡಲಿ ಅಂತ ಯೋಚಿಸೋ ಗೋಜಿಲ್ಲ, ಕೈ ತಾನೇ ಹೋಗುತ್ತೆ. ಬಟ್ಟೆ ಬಿಗಿಯಾಗಿ ಹಿಡಿಯೋ ರಿಂಗ್ ಮಾತ್ರ ಪ್ರತಿ ಸಲ ಬಿಚ್ಚಿಡಿ. ಹಾಗೇ ವಾರಗಟ್ಟಲೆ ಬಿಟ್ಟರೆ ಬಟ್ಟೆ ಮೇಲೆ ದುಂಡಗೆ ಗುರುತು ಕೂತು, ಇಸ್ತ್ರಿಗೂ ಜಗ್ಗಲ್ಲ. ಆ ದಿಂಬಿನ ಕವರಿಗೆ ಇನ್ನೂ ರಿಂಗ್ ಹಾಕಿದ್ದರೆ ಇವತ್ತೇ ಬಿಚ್ಚಿ.

ಬೆಳಗಿನ ಜಾವದವಳು

ಕ್ಷಮಿಸಿ, ನನಗೆ ಐದು ಗಂಟೆಯೇ ಒಗ್ಗಿತು! ಆದರೆ ನನ್ನ ಮಗ ಎದ್ದರೆ ಅಪ್ಪನ ಹತ್ತಿರ ಹೋಗ್ತಾನೆ, ರಾತ್ರಿಯೆಲ್ಲ ಎಬ್ಬಿಸಲ್ಲ. ಎರಡು ವರ್ಷದ ಮಗು ರಾತ್ರಿ ಮೂರು ಸಲ ಏಳುವ ಮನೆಯಲ್ಲಿ ಇದನ್ನ ಹೇಳೋದು ಅನ್ಯಾಯ. ನಿಮಗೆ ಸಿಕ್ಕ ನಿದ್ದೆ ನೀವು ಮಾಡಿ.

ಬಣ್ಣದವಳು

ಅಕ್ರಿಲಿಕ್ ಸದ್ಯಕ್ಕೆ ಕಟ್ಟಿಡಿ, ಬೇಜಾರು ಮಾಡ್ಕೋಬೇಡಿ. ಅದರಲ್ಲಿರೋ ನೀರು ಆರಿದರೆ ಉಳಿಯೋದು ಪ್ಲಾಸ್ಟಿಕ್ ಪದರ, ಮತ್ತೆ ನೀರು ಹಾಕಿದರೆ ಕರಗಲ್ಲ. ಮಗು ಅತ್ತಿತು ಅಂತ ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ ತಟ್ಟೆಯ ಬಣ್ಣ ಹೋಯ್ತು, ಬ್ರಷ್ ಕೂದಲು ಕಡ್ಡಿಯಾಯ್ತು. ಫ್ರಾಕಿಗೆ ಮೆತ್ತಿ ಒಣಗಿದರೆ ಆ ಫ್ರಾಕೂ ಹೋದ ಹಾಗೇ.

ವಾಟರ್ ಕಲರ್ ತಗೊಳ್ಳಿ. ಅದರಲ್ಲಿ ಬಣ್ಣ ಹಿಡಿದಿಡೋದು ಗೋಂದು, ನೀರು ಬಿದ್ದರೆ ಕರಗುತ್ತೆ. ಹೋದ ತಿಂಗಳು ತಟ್ಟೆಯಲ್ಲಿ ಒಣಗಿದ ನೀಲಿ ಇವತ್ತು ಒಂದು ಹನಿಗೆ ಎದ್ದು ಬರುತ್ತೆ. ನನ್ನ ಸಾಮಾನು ಇಷ್ಟೇ: ಅಂಗೈ ಅಗಲದ ಬಣ್ಣದ ಪೆಟ್ಟಿಗೆ, ಎರಡು ಬ್ರಷ್, ಮುಚ್ಚಳ ಇರೋ ನೀರಿನ ಬಾಟಲಿ, ಪೋಸ್ಟ್‌ಕಾರ್ಡ್ ಅಳತೆಗೆ ಕತ್ತರಿಸಿಟ್ಟ ದಪ್ಪನೆಯ 300 ಜಿಎಸ್‌ಎಂ ಕಾಗದ. ತೆಳು ಕಾಗದ ನೀರು ಕುಡಿದು ಸುಕ್ಕಾಗುತ್ತೆ, ಅದರಲ್ಲಿ ಉಳಿತಾಯ ಮಾಡಬೇಡಿ.

ಒಂದು ತಕರಾರಿದೆ. ಆಕಾಶದಂಥ ದೊಡ್ಡ ಜಾಗಕ್ಕೆ ಬಣ್ಣ ಹರಡುವಾಗ ಮಧ್ಯೆ ಎದ್ದರೆ ಅಲ್ಲೇ ಅಂಚು ಒಣಗಿ ಗೆರೆ ಬೀಳುತ್ತೆ, ಆಮೇಲೆ ಅದನ್ನ ಪೂರ್ತಿ ತೆಗೆಯೋದು ಕಷ್ಟ. ಹಾಗಾಗಿ ರಾತ್ರಿ ಇಬ್ಬರೂ ಮಲಗಿದ ಮೇಲೆ ಮೂರ್ನಾಲ್ಕು ಕಾರ್ಡಿಗೆ ಒಟ್ಟಿಗೆ ಆಕಾಶ ಹಾಕಿ ಒಣಗೋಕೆ ಬಿಡ್ತೀನಿ. ಹಗಲು ಆ ಕಾರ್ಡುಗಳ ಮೇಲೆ ಒಂದು ಕೊಂಬೆ, ಒಂದು ಹಕ್ಕಿ, ಒಂದು ಬೇಲಿ. ಬೇಲಿಯ ಎರಡು ಗೂಟ ಬರೆದು ಎದ್ದರೂ ಮೂರನೆಯದು ಕಾಯುತ್ತೆ. ಏಳುವಾಗ ಬ್ರಷ್ಷನ್ನ ನೀರಲ್ಲಿ ನಿಲ್ಲಿಸಿ ಹೋಗಬೇಡಿ, ತುದಿ ಬಾಗುತ್ತೆ. ಅಡ್ಡ ಮಲಗಿಸಿ.

ಮಣ್ಣಿನ ಕೆಲಸದವಳು

ಎಲ್ಲರೂ "ಬಿಟ್ಟು ಏಳೋಕೆ ಬರುವ ಕೆಲಸ ಹಿಡಿ" ಅಂತಿದ್ದೀರಿ. ಅಂದರೆ ಏಳಬೇಕಾದವಳು ಅಮ್ಮನೇ ಅಂತ ಮೊದಲೇ ಒಪ್ಪಿಕೊಂಡ ಹಾಗಾಯ್ತಲ್ಲ?

ನನ್ನದು ಜೇಡಿಮಣ್ಣು. ಮೊಳಕೈವರೆಗೂ ಮೆತ್ತಿಕೊಂಡಿರುತ್ತೆ, ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಮುಚ್ಚಿದರೆ ಮಾಡಿದ್ದು ನಾಳೆವರೆಗೆ ಇರುತ್ತೆ ನಿಜ, ಆದರೆ ಹತ್ತು ನಿಮಿಷಕ್ಕೊಮ್ಮೆ ಕೈ ತೊಳೆಯೋಕಾಗಲ್ಲ. ಹಾಗಾಗಿ ಮನೆಯಲ್ಲಿ ಕೂತು ಮಾತಾಡಿದ್ವಿ. ಶನಿವಾರ ಸಂಜೆ ನಾಲ್ಕರಿಂದ ಏಳು ಮಕ್ಕಳು ಅವರಪ್ಪನ ಜವಾಬ್ದಾರಿ. "ಡೈಪರ್ ಎಲ್ಲಿದೆ", "ಇವಳಿಗೆ ಯಾವ ಫ್ರಾಕ್ ಹಾಕಲಿ" ಅಂತ ಕೂಗಿದರೆ ಉತ್ತರ ಬರಲ್ಲ ಅನ್ನೋದೂ ಒಪ್ಪಂದದಲ್ಲೇ ಇತ್ತು. ಮೊದಮೊದಲು ಮಗಳು ಚಡ್ಡಿ ಹಿಂದುಮುಂದು ಹಾಕ್ಕೊಂಡು ಓಡಾಡ್ತಿದ್ದಳು. ನಾನು ನೋಡಿದೆ, ಸರಿ ಮಾಡಲಿಲ್ಲ. ಸರಿ ಮಾಡೋಕೆ ಹೋಗಿದ್ದರೆ ಮುಂದಿನ ಶನಿವಾರ ಅವರು ಚಡ್ಡಿ ಹಿಡಿದು ನನ್ನ ಹತ್ತಿರವೇ ಬರ್ತಿದ್ದರು. ಈಗ ಯಾವ ಬಟ್ಟೆ ಎಲ್ಲಿದೆ ಅನ್ನೋದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ನಿಮ್ಮ ಯಜಮಾನರು ಬೇಡ ಅಂದಿಲ್ಲ, ಸರಿ. ಹಾಗಾದರೆ ಯಾವ ದಿನ, ಎಷ್ಟು ಹೊತ್ತಿಂದ ಎಷ್ಟು ಹೊತ್ತು, ಆ ಹೊತ್ತಲ್ಲಿ ಚಿಕ್ಕವಳು ಯಾರ ಹತ್ತಿರ, ಇಷ್ಟನ್ನ ಕೇಳಿ.

ಪಕ್ಕದ ಮನೆಯವಳು

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ನಮ್ಮನೇಲಿ ಶನಿವಾರಕ್ಕೆ ಸಿಗೋ ಯಜಮಾನರಿಲ್ಲ. ಹಡಗಿನ ಕೆಲಸ, ತಿಂಗಳುಗಟ್ಟಲೆ ಹೊರಗೆ. ನಾನೂ ಪಕ್ಕದ ಮನೆಯವರೂ ಸರತಿ ಮಾಡ್ಕೊಂಡಿದ್ದೀವಿ. ಒಂದು ಮಧ್ಯಾಹ್ನ ಎಲ್ಲ ಮಕ್ಕಳೂ ನಮ್ಮಲ್ಲಿ, ಇನ್ನೊಂದು ಮಧ್ಯಾಹ್ನ ಅವರಲ್ಲಿ. ಮಕ್ಕಳು ಹೆಚ್ಚಾದಷ್ಟೂ ನಮ್ಮ ಸೆರಗು ಬಿಡ್ತಾರೆ, ಇದು ನನಗೆ ಆಶ್ಚರ್ಯ ಆಗಿದ್ದು. ಬಿಡುವು ಸಿಕ್ಕ ಮಧ್ಯಾಹ್ನ ಬಟ್ಟೆ ಮಡಚಲ್ಲ, ಪಾತ್ರೆ ಮುಟ್ಟಲ್ಲ ಅಂತ ಇಬ್ಬರೂ ಆಣೆ ಮಾಡ್ಕೊಂಡಿದ್ದೀವಿ. ಅವರು ಪಾಲಿಸ್ತಾರೆ. ನನ್ನ ವಿಷಯ ಕೇಳಬೇಡಿ.

ಕೆಲಸಕ್ಕೆ ಸೇರಿದ ಮಕ್ಕಳ ಅಮ್ಮ

ತಂಗಿ, ಮಧ್ಯಾಹ್ನದ ನಿದ್ದೆಯನ್ನು ನಂಬಿ ಏನನ್ನೂ ಕಟ್ಟಬೇಡಮ್ಮ. ಒಂದೆರಡು ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು. ಮೂರರಿಂದ ಐದರ ಹೊತ್ತಿಗೆ ಅದು 10ರಿಂದ 13ಕ್ಕೆ ಇಳಿಯುತ್ತೆ. ಕಡಿಮೆಯಾಗುವುದು ಹೆಚ್ಚಾಗಿ ಹಗಲಿನ ಪಾಲು. ನಿನ್ನ ಮಗಳು ಇನ್ನೊಂದು ವರ್ಷಕ್ಕೋ ಎರಡು ವರ್ಷಕ್ಕೋ ಮಧ್ಯಾಹ್ನ ಮಲಗುವುದನ್ನೇ ಬಿಡ್ತಾಳೆ, ಆಗ ನಿನ್ನ ಕಸೂತಿಯೂ ಬಿಟ್ಟುಹೋಗುತ್ತೆ.

ಅವಳು ನಿದ್ದೆ ಬಿಟ್ಟರೂ ನೀನು ಆ ಹೊತ್ತು ಬಿಡಬೇಡ. ಅದನ್ನು ಈಗಿಂದಲೇ "ಸುಮ್ಮನೆ ಆಡುವ ಹೊತ್ತು" ಮಾಡು. ಆಗ ಮಾತ್ರ ಹೊರಬರುವ ಒಂದು ಪೆಟ್ಟಿಗೆ ಇರಲಿ. ದೊಡ್ಡ ಮರದ ಬ್ಲಾಕು, ಬಟ್ಟೆಯ ತುಂಡು, ದಪ್ಪ ಹಾಳೆಯ ಚಿತ್ರದ ಪುಸ್ತಕ ಸಾಕು. ಮೊದಲು ಹತ್ತು ನಿಮಿಷವೂ ಕೂರಲ್ಲ, ಪರವಾಗಿಲ್ಲ. ಗಡಿಯಾರದ ದೊಡ್ಡ ಮುಳ್ಳು ಎಲ್ಲಿಗೆ ಬಂದರೆ ಅಮ್ಮ ಏಳ್ತಾಳೆ ಅಂತ ದೊಡ್ಡವನಿಗೆ ತೋರಿಸಿಡು, ತಂಗಿಗೆ ಅವನೇ ಯಜಮಾನಿಕೆಯಿಂದ ಹೇಳ್ತಾನೆ. ಮುಳ್ಳು ಅಲ್ಲಿಗೆ ಬಂದ ಮೇಲೆ "ಇನ್ನೊಂದು ಸಾಲು" ಅಂತ ನೀನು ಕೂತರೆ ಮಾರನೇ ದಿನ ಯಾರೂ ಮುಳ್ಳನ್ನು ನಂಬಲ್ಲ.

ಫೋನು ಕೊಟ್ಟು ಕೂರಿಸುವುದು ಸುಲಭ, ನಮ್ಮ ಕಾಲದಲ್ಲಿ ಇದ್ದಿದ್ದರೆ ನಾವೂ ಕೊಡ್ತಿದ್ದೆವೇನೋ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ. ಆ ಒಂದು ಗಂಟೆಯನ್ನು ನೀನು ಸ್ನಾನಕ್ಕೋ ಅಡುಗೆಗೋ ಇಟ್ಟುಕೋ.

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು

ಸಾಮಾನು ಕೈಗೆ ಸಿಗೋ ಹಾಗಿರಲಿ ಅಂತ ನಾನೂ ಹೇಳ್ತೀನಿ. ನಿಮ್ಮ ಕೈಗೆ ಮಾತ್ರ. ಎರಡು ವರ್ಷದ ಮಗು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತೆ. ಮಣಿ, ಗುಂಡಿ ಗಂಟಲಿಗೆ ಸಿಕ್ಕಿಕೊಳ್ಳೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರೋದು ಇನ್ನೆರಡು. ಸೂಜಿ ಅಂಟಿಸೋಕೆ ಅಂತ ಇಟ್ಟುಕೊಳ್ಳೋ ಪುಟ್ಟ ಶಕ್ತಿಶಾಲಿ ಅಯಸ್ಕಾಂತ: ಎರಡು ನುಂಗಿದರೆ ಕರುಳಿನ ಬೇರೆ ಬೇರೆ ಮಡಿಕೆಗಳಿಂದ ಒಂದನ್ನೊಂದು ಎಳೆದು ಮಧ್ಯೆ ಸಿಕ್ಕ ಕರುಳನ್ನು ತೂತು ಮಾಡ್ತವೆ. ಹೊಲಿಗೆಗೆ ಸಿಕ್ಕಿಸಿಕೊಳ್ಳೋ ಪುಟಾಣಿ ಲೈಟಿನ ಬಟನ್ ಬ್ಯಾಟರಿ: ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡುತ್ತೆ. ನುಂಗಿರಬಹುದು ಅಂತ ಅನುಮಾನ ಬಂದರೂ ಕಾದು ನೋಡಬೇಡಿ, ಸೀದಾ ಆಸ್ಪತ್ರೆಗೆ ಓಡಿ.

ಪೋಣಿಸಿಟ್ಟ ಸೂಜಿಗಳಿಗೆ ಬಿಗಿ ಮುಚ್ಚಳದ ಡಬ್ಬಿ ಬೇಕು. ಕೂರುವಾಗ ಎಷ್ಟಿದ್ದವು ಅಂತ ಎಣಿಸಿ, ಏಳುವಾಗ ಅಷ್ಟೇ ಇರಬೇಕು. ಕ್ರೋಶಾ ಹಾಕೋರಿಗೆ ಸೇಫ್ಟಿ ಪಿನ್ ಬದಲು ಇನ್ನೊಂದು ಉಪಾಯ: ಕೊನೆಯ ಕುಣಿಕೆಯನ್ನು ಅಗಲ ಮಾಡಿ ದಾರದ ಉಂಡೆಯನ್ನೇ ಅದರೊಳಗಿಂದ ದಾಟಿಸಿ ಎಳೆಯಿರಿ. ಬಿಗಿದುಕೊಳ್ಳುತ್ತೆ, ಬೇಕಾದಾಗ ವಾಪಸ್ ದಾಟಿಸಿದರೆ ಬಿಚ್ಚುತ್ತೆ.

ಹಾಡುವವಳು

ಒಂದು ಮಾತು. ಚೆನ್ನಾಗಿ ಬರ್ತಿದ್ದ ಹಾಗೇ "ಇದನ್ನ ಮಾರಬಹುದಲ್ಲ" ಅನ್ನೋರು ಹುಟ್ಟಿಕೊಳ್ತಾರೆ. ನನ್ನ ತಂಗಿ ಆರ್ಡರ್ ಹಿಡಿದಳು. ಈಗ ಅವಳಿಗೆ ಇಂಥ ದಿನಕ್ಕೆ ಇಷ್ಟು ಕೊಡಬೇಕು ಅನ್ನೋ ತಲೆನೋವು, ಹವ್ಯಾಸಕ್ಕೆ ಬೇರೆ ಏನಾದರೂ ಹುಡುಕ್ತಿದ್ದಾಳೆ. ಹಾಡಲ್ಲಿ ಈ ಕಾಟ ಇಲ್ಲ, ನನ್ನ ಹಾಡಿಗೆ ಯಾರೂ ದುಡ್ಡು ಕೊಡಲ್ಲ.

ಕೇಳಿದವರು

ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಕವರಿಗೆ ರಿಂಗ್ ಹಾಗೇ ಇತ್ತು, ಗುರುತು ಬಿದ್ದಿದೆ. ಹೂವಿನ ಸುತ್ತ ಒಂದು ಬಳ್ಳಿ ಎಳೆದು ಮುಚ್ಚಿಬಿಡ್ತೀನಿ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಅಂತ ಇವರ ಹತ್ತಿರ ಗಂಟೆ ಸಮೇತ ಕೇಳಿದೆ. "ಅಷ್ಟೇನಾ?" ಅಂದರು. ಹೂಂ ಅಂದೆ. ಈ ಭಾನುವಾರ ನೋಡಬೇಕು. ಅಂದಹಾಗೆ ಹೊಲಿಗೆ ಮಿಷನ್ ಇರೋರು ಯಾರಾದರೂ ಇದ್ದೀರಾ? ಅದರ ಸದ್ದಿಗೆ ಮಕ್ಕಳು ಏಳಲ್ವಾ?

ಕ್ರೋಶಾ ಹಾಕುವ ಅಮ್ಮ

ಮಿಷನ್ ಅಡಿಗೆ ದಪ್ಪ ಮ್ಯಾಟ್ ಹಾಕಿ, ಗೋಡೆಗೆ ತಾಗಿಸದೆ ಇಡಿ, ಅರ್ಧ ಸದ್ದು ಟೇಬಲ್ಲು ಅದುರೋದರಿಂದ ಬರೋದು. ಕತ್ತರಿಸೋದು, ಪಿನ್ ಹಾಕೋದು, ಕೈಹೊಲಿಗೆ ಎಲ್ಲ ಅವರು ಮಲಗಿದಾಗ ಮಾಡಿ. ಮಿಷನ್ ಓಡಿಸೋದನ್ನ ಅವರು ಎದ್ದು ಗಲಾಟೆ ಮಾಡ್ತಿರೋ ಹೊತ್ತಿಗೆ ಇಟ್ಟುಕೊಳ್ಳಿ, ಆದರೆ ಚಿಕ್ಕವಳು ನಿಮ್ಮ ಯಜಮಾನರ ಕೈಯಲ್ಲಿದ್ದಾಗ. ಎದ್ದು ಹೋಗುವಾಗ ಪ್ಲಗ್ ಕಿತ್ತುಬಿಡಿ. ನೀವು ಆ ಕಡೆ ತಿರುಗಿದ್ದೇ ತಡ, ಪೆಡಲ್ ಮೇಲೆ ಹತ್ತಿ ನಿಲ್ತಾರೆ.