ಹೆಣ್ಣು-ಹೆಣ್ಣಿನ ಸಂಬಂಧಕ್ಕೆ ಹಿಂದೆ ಶಿಕ್ಷೆ ಇರಲಿಲ್ವಾ?

ಪ್ರಶ್ನೆ (ಮಂಡ್ಯ, ಬಿ.ಎ. ವಿದ್ಯಾರ್ಥಿನಿ): ನಮಸ್ತೆ ಮೇಡಂ. ಸೆಮಿನಾರ್‌ಗೆ, ನಮ್ಮ ಹಳೇ ದಂಡಸಂಹಿತೆಯಲ್ಲಿ ಸಲಿಂಗ ಕೂಟವನ್ನ ಅಪರಾಧ ಅಂತಿದ್ದ 377ನೇ ಸೆಕ್ಷನ್ ಬಗ್ಗೆ ಓದ್ತಾ ಇದ್ದೀನಿ. ಹಳೇ ಕೇಸುಗಳಲ್ಲಿ ಬರೀ ಗಂಡಸರೇ ಸಿಗ್ತಾರೆ. ಹಿಂದಿನವರು ಹೆಂಗಸರನ್ನ ಸುಮ್ನೆ ಬಿಟ್ಟಿದ್ರಾ?

ಉತ್ತರ (ಮೈಸೂರು, ಇತಿಹಾಸ ಅಧ್ಯಾಪಕಿ): ಬಿಟ್ಟಿರಲಿಲ್ಲಮ್ಮ, ಇಂಗ್ಲಿಷರ ಕಾನೂನು ಅವರನ್ನ ಲೆಕ್ಕಕ್ಕೇ ತಗೊಂಡಿರಲಿಲ್ಲ. ಇಂಗ್ಲೆಂಡಿನಲ್ಲಿ 1533ರ ಕಾನೂನು ಗಂಡು-ಗಂಡಿನ ಕೂಟಕ್ಕೆ ಮರಣದಂಡನೆ ಇಟ್ಟಿತು. 1885ರ ಕಾನೂನೂ ಗಂಡಸರಿಗಷ್ಟೆ. 1921ರಲ್ಲಿ ಹೆಂಗಸರನ್ನೂ ಸೇರಿಸೋಣ ಅಂತ ಅಲ್ಲಿನ ಸಂಸತ್ತಿನ ಕೆಳಮನೆ ಕಾಮನ್ಸ್ ಸಭೆ ಒಪ್ಪಿತು, ಮೇಲ್ಮನೆ ಲಾರ್ಡ್ಸ್ ಸಭೆ ತಳ್ಳಿಹಾಕಿತು. ಯಾಕೆ ಗೊತ್ತಾ? ಹೆಚ್ಚಿನ ಹೆಂಗಸರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ, ಕಾನೂನು ಮಾಡಿದ್ರೆ ನಾವೇ ಹೇಳಿಕೊಟ್ಟ ಹಾಗಾಗುತ್ತೆ ಅನ್ನೋ ಭಯ. ಇದನ್ನ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತೆ. ನಮ್ಮ 1860ರ ದಂಡಸಂಹಿತೆಯ 377 ಕೂಡ ಅಪರಾಧವನ್ನ ಅಳೆದದ್ದು ಗಂಡಿನ ದೇಹದ ಕ್ರಿಯೆಯಿಂದಲೇ.

ಈಗ ನಮ್ಮೂರಿಗೆ ಬಾ. ಇಲ್ಲಿನ ಹಳೇ ಗ್ರಂಥಗಳಲ್ಲಿ ಹೆಂಗಸರಿಗೂ ದಂಡ ಇದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಯಿಂದ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ತೆಗೆದು ನೋಡು. ಗಂಡು-ಗಂಡಿನ ಕೂಟಕ್ಕೆ 48ರಿಂದ 96 ಪಣ (ಆಗಿನ ನಾಣ್ಯ) ದಂಡ. ಒಪ್ಪಿಗೆಯಿಂದಲೇ ಹೆಂಗಸೊಬ್ಬಳು ಕನ್ಯೆಯ ಕನ್ಯತ್ವ ಕೆಡಿಸಿದರೆ ಕನ್ಯೆಗೆ 12, ಕೆಡಿಸಿದವಳಿಗೆ 24. ಕನ್ಯೆಗೆ ಇಷ್ಟವಿರದಿದ್ದರೆ 100 ಪಣ, ಜೊತೆಗೆ ಕನ್ಯಾಶುಲ್ಕ, ಅಂದ್ರೆ ಮದುವೆಗೆ ಹೆಣ್ಣಿನ ಕಡೆಯವರಿಗೆ ಕೊಡೋ ಹಣ. ಆ ಕನ್ಯಾಶುಲ್ಕ ಅನ್ನೋ ಮಾತಿನಲ್ಲೇ ಎಲ್ಲ ಇದೆ. ಅವರು ತೂಗಿದ್ದು ಇಬ್ಬರ ಪ್ರೀತಿಯನ್ನಲ್ಲ, ಮದುವೆಗೆ ಆಗೋ ನಷ್ಟವನ್ನ.

ಪ್ರಶ್ನೆ: ಮನುಸ್ಮೃತಿಯಲ್ಲಿ ಹೆಂಗಸರಿಗೇ ಜಾಸ್ತಿ ಶಿಕ್ಷೆ ಅಂತಾರಲ್ಲ ಮೇಡಂ?

ಉತ್ತರ: ಹೌದು. ಗಂಡಿನ ಜೊತೆ ಕೂಡಿದ ದ್ವಿಜನಿಗೆ (ಉಪನಯನವಾಗೋ ಮೇಲ್ವರ್ಣದವನಿಗೆ) ಒಂದು ಕಡೆ ಉಟ್ಟ ಬಟ್ಟೆಯಲ್ಲೇ ಸ್ನಾನ ಅಂತಷ್ಟೇ ಇದೆ, ಇನ್ನೊಂದು ಕಡೆ ಜಾತಿಭ್ರಂಶದ, ಅಂದ್ರೆ ಜಾತಿ ಕಳೆಯೋ ಪಾಪಗಳ, ಪಟ್ಟಿಯಲ್ಲೂ ಬರುತ್ತೆ. ಕನ್ಯೆಯನ್ನ ಕೆಡಿಸಿದ ಹೆಂಗಸಿಗೆ ಮಾತ್ರ ತಲೆ ಬೋಳಿಸೋದು, ಇಲ್ಲ ಎರಡು ಬೆರಳು ಕತ್ತರಿಸೋದು, ಕತ್ತೆ ಮೇಲೆ ಕೂರಿಸಿ ಮೆರವಣಿಗೆ. ಗಮನಿಸು, ಆ ಶ್ಲೋಕಗಳಲ್ಲೂ ಇರೋದು ಕನ್ಯೆಯ ಮಾತೇ. ಗಂಡನಿರೋ ಇಬ್ಬರು ಹೆಂಗಸರ ಕೂಟದ ಬಗ್ಗೆ ಅಲ್ಲಿ ಸೊಲ್ಲೇ ಇಲ್ಲ.

ಅದಕ್ಕೇ ಶಿಕ್ಷೆ ಇಲ್ಲ ಅಂದಮಾತ್ರಕ್ಕೆ ಸ್ವಾತಂತ್ರ್ಯ ಇತ್ತು ಅಂತ ಬರೀಬೇಡ. ಬೇಡವಾದ ಮದುವೆಗೆ ಕೊರಳೊಡ್ಡಿದವಳ ಹೆಸರು ಯಾವ ಕೋರ್ಟಿನ ಕಡತದಲ್ಲೂ ಇರಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನ 377ರಿಂದ ಬಿಡಿಸಿತು. ಆದರೆ ಮನೆಯಲ್ಲಿ ಕೂಡಿಹಾಕಿ ಗಂಡು ಹುಡುಕೋದನ್ನ ಆ ತೀರ್ಪೊಂದೇ ತಡೆಯೋಕಾಗಲ್ಲ. ಸೆಮಿನಾರಲ್ಲಿ ಒಂದು ಪುಟ ಇದಕ್ಕೆ ಮೀಸಲಿಡು ಮಗಳೇ. ಬರೆದು ಕಳಿಸು, ಓದಿ ಹೇಳ್ತೀನಿ.