ಎರಡು ಪಟ್ಟಿ ಜಾಸ್ತಿ ಹಾಕಿಸಿದರೂ ಪಿಕಪ್ ಹಿಂದೆ ಕೂರುತ್ತಿದೆ, ಅದೂ ಎಡಕ್ಕೆ

ಕೋಲಾರ_ಲೋಡ್:
ತಲೆ ಕೆಟ್ಟುಹೋಗಿದೆ. ಲೋಡ್ ಹಾಕಿದ ತಕ್ಷಣ ಗಾಡಿ ಹಿಂದೆ ಕೂತುಬಿಡುತ್ತದೆ. ಹಂಪ್ ಬಂದರೆ ಢಬ್ ಅಂತ ಹೊಡೆಯುತ್ತದೆ. ಹೆಡ್‌ಲೈಟ್ ಮೇಲಕ್ಕೆ ಹೋಗಿ ಎದುರಿನವರೆಲ್ಲ ಬೈಯುತ್ತಾರೆ. ಹಿಂದಿನ ಕಮಾನ್‌ಗೆ, ಅಂದರೆ ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗ್‌ಗೆ, ಎರಡು ಪಟ್ಟಿ ಜಾಸ್ತಿ ಹಾಕಿಸಿದೆ. ಈಗ ಖಾಲಿ ಇದ್ದಾಗ ಕುಣಿಯುತ್ತದೆ, ಲೋಡ್ ಆದರೆ ಎಡಗಡೆ ಇನ್ನೂ ಇಳಿಯುತ್ತದೆ. ಏನು ಮಾಡಲಿ?

ಗಾಳಿ_ಗುರು:
ಏರ್ ಬ್ಯಾಗ್ ಹಾಕಿಸಿ, ಮುಗೀತು. ಗಾಳಿ ತುಂಬುವ ರಬ್ಬರ್ ಚೀಲ ಅದು, ಚಾಸಿಗೂ (ಗಾಡಿಯ ಚೌಕಟ್ಟು) ಆಕ್ಸಲ್‌ಗೂ ನಡುವೆ ಕೂರುತ್ತದೆ. ಲೋಡ್ ಇದ್ದಾಗ ಗಾಳಿ ತುಂಬಿ, ಖಾಲಿಯಾದಾಗ ಇಳಿಸಿ.

ಹೈವೇ_ರಾತ್ರಿ:
ಯಾವ ಗಾಡಿ, ಎಷ್ಟು ಲೋಡ್?

ಕೋಲಾರ_ಲೋಡ್:
ಪಿಕಪ್ ಅಂದೆನಲ್ಲ ಸಾರ್. ಮಾಮೂಲಿ ಟೊಮ್ಯಾಟೊ.

ಹೈವೇ_ರಾತ್ರಿ:
ಮಾಮೂಲಿ ಅಂದರೆ ಎಷ್ಟು ಕ್ರೇಟ್?

ಕೋಲಾರ_ಲೋಡ್:
130.

ಹೈವೇ_ರಾತ್ರಿ:
15 ಕೆಜಿ ಲೆಕ್ಕದಲ್ಲಿ ಹಣ್ಣೇ 1,950 ಕೆಜಿ! ಕ್ರೇಟ್ ತೂಕ ಬೇರೆ. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದು ನೋಡಿ. ಪಟ್ಟಿ ಹಾಕಿದರೂ ಬ್ಯಾಗ್ ಹಾಕಿದರೂ ಆ ಮಿತಿ ಏರಲ್ಲ. ಬೇರಿಂಗ್, ಟೈರ್, ಬ್ರೇಕ್ ಎಲ್ಲ ಹಳೆಯವೇ ತಾನೇ? ಸಿಕ್ಕಿಬಿದ್ದರೆ 20,000 ದಂಡ, ಮೇಲೆ ಹೆಚ್ಚುವರಿ ಟನ್‌ಗೆ 2,000.

ಗಾಳಿ_ಗುರು:
ಅವರು ಕೇಳಿದ್ದು ದಂಡದ ಬಗ್ಗೆ ಅಲ್ಲ. ಸೀಸನ್‌ನಲ್ಲಿ ಯಾರು ಸ್ವಾಮಿ ಲೆಕ್ಕ ಹಾಕಿ ಏರಿಸುತ್ತಾರೆ? ಬ್ಯಾಗ್ ಹಾಕಿಸಿ.

ಕಮಾನ್_ಶೆಡ್:
ಒಂದೇ ಕಡೆ ಇಳಿಯುವ ಗಾಡಿಗೆ ಬ್ಯಾಗ್ ಹಾಕಿದರೆ ರೋಗ ಮುಚ್ಚಿಟ್ಟ ಹಾಗೆ. ಖಾಲಿ ಗಾಡಿಯನ್ನು ಸಮ ಜಾಗದಲ್ಲಿ ನಿಲ್ಲಿಸಿ. ಚಕ್ರದ ಹಬ್ ನಡುವಿನಿಂದ ನೇರ ಮೇಲಕ್ಕೆ ಚಾಸಿವರೆಗೆ ಎರಡೂ ಕಡೆ ಟೇಪ್ ಹಿಡಿಯಿರಿ. ಆಮೇಲೆ ಪಟ್ಟಿಗಳ ಮಣ್ಣನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ. ಪಟ್ಟಿಗಳನ್ನು ನಡುವೆ ಸೇರಿಸುವ ಸೆಂಟರ್ ಬೋಲ್ಟ್ ಹತ್ತಿರ ಅಡ್ಡಕ್ಕೆ ತೆಳ್ಳಗೆ ತುಕ್ಕಿನ ಗೆರೆ ಕಂಡರೆ ಅಲ್ಲಿ ಬಿರುಕು ಇರಬಹುದು. ಕಮಾನನ್ನು ಆಕ್ಸಲ್‌ಗೆ ಕಟ್ಟಿಹಿಡಿಯುವ ಹಳೆ ಯೂ ಬೋಲ್ಟನ್ನೇ ಮತ್ತೆ ಬಿಗಿದರಾ? ಒಮ್ಮೆ ಎಳೆದದ್ದು ಹಿಗ್ಗಿರುತ್ತದೆ. ಹೊಸದು ಹಾಕಿ, ಲೋಡ್‌ನಲ್ಲಿ ಸ್ವಲ್ಪ ಓಡಿಸಿ ಮತ್ತೆ ಬಿಗಿಯಬೇಕು.

ಇನ್ನೊಂದು ಮಾತು. ಹಿಂದಿನ ಆಕ್ಸಲ್‌ನಿಂದ ಬ್ರೇಕ್ ವಾಲ್ವ್‌ಗೆ ಒಂದು ಕಡ್ಡಿ ಇದೆಯಾ ನೋಡಿ. ಇದ್ದರೆ, ಪಟ್ಟಿ ಹಾಕಿ ಹಿಂಭಾಗ ಎತ್ತಿರುವುದರಿಂದ ಲೋಡ್ ಕಡಿಮೆ ಅಂತಲೇ ಆ ವಾಲ್ವ್ ಲೆಕ್ಕ ಹಾಕುತ್ತದೆ. ಹಿಂದಿನ ಬ್ರೇಕ್‌ಗೆ ಒತ್ತಡ ಸಾಲದು. ಚೆನ್ನೈ ಲೈನ್ ಆದರೆ ಮೊಗಿಲಿ ಘಾಟ್ ಇಳಿಯುವ ಮೊದಲೇ ಸೆಟ್ ಮಾಡಿಸಿ.

ಕೋಲಾರ_ಲೋಡ್:
ಟೇಪ್ ಹಿಡಿದೆ ಅಣ್ಣ. ಎಡಕ್ಕೆ 2 ಸೆಂಟಿಮೀಟರ್ ಕಡಿಮೆ. ಬಿರುಕು ಕಾಣಲಿಲ್ಲ. ಡೀಸೆಲ್ ಟ್ಯಾಂಕ್ ಅದೇ ಕಡೆ ಇದೆ, ಅದಕ್ಕಾ?

ಗಾಳಿ_ಗುರು:
ನೋಡಿ, ಎಡದ ಬ್ಯಾಗ್‌ಗೆ ಸ್ವಲ್ಪ ಜಾಸ್ತಿ ಗಾಳಿ ಕೊಟ್ಟರೆ ಸಮ ಆಗುತ್ತದೆ. ನನ್ನ ಗಾಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಗೇಜ್, ಕ್ಯಾಬಿನ್‌ನಲ್ಲೇ, ನೀಲಿ ಎಲ್‌ಇಡಿ ಸಮೇತ.

ಕಮಾನ್_ಶೆಡ್:
ಎಲ್‌ಇಡಿ ಕಮಾನ್ ಎತ್ತುತ್ತದಾ? ಬರೀ ಟ್ಯಾಂಕ್‌ಗೆ ಅಷ್ಟು ಇಳಿಯಲ್ಲ ಅನ್ನಿಸುತ್ತದೆ. ಹಾಕಿದ ಎರಡು ಪಟ್ಟಿಗೂ ಎಡಬಲ ಒಂದೇ ದಪ್ಪ, ಒಂದೇ ಬಾಗು ಇದೆಯಾ? ಬಿಚ್ಚಿಸಿ ಪಕ್ಕಪಕ್ಕ ಇಟ್ಟು ಫೋಟೊ ಹಾಕಿ.

ಇಟ್ಟಿಗೆ_ಗಾಡಿ:
ಗಾಳಿ ಗುರುಗಳೇ, ಸೆಕೆಂಡ್ ಹ್ಯಾಂಡ್ ಬ್ಯಾಗ್ ಎಲ್ಲಾದರೂ ಸಿಗುತ್ತದಾ?