ಹೊಸ ಗ್ಲಾಸ್ ಬೀಡಿಂಗ್ ಹಾಕಿಸಿದರೂ ಪದ್ಮಿನಿ ಕಾರಿನ ಒಳಗೆ ನೀರು, ಏನು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ತೆ. ನನ್ನ ಹತ್ತಿರ 1986ರ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪ ತೆಗೆದುಕೊಂಡ ಗಾಡಿ. ಊರು ಉಡುಪಿ ಹತ್ತಿರ, ಮಳೆ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಡೋರ್ ಗ್ಲಾಸ್ ಕೆಳಗಿಳಿಯುವ ಜಾಗದಲ್ಲಿ ಉದ್ದಕ್ಕೆ ಬರುತ್ತಲ್ಲ ರಬ್ಬರ್ ಪಟ್ಟಿ (ಬೀಡಿಂಗ್), ಹೊರಗಿನದು ಒಳಗಿನದು ಎರಡೂ ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಮುರಿಯುತ್ತಿತ್ತು. ನಾಲ್ಕೂ ಡೋರಿಗೆ ಹೊಸದು ಹಾಕಿಸಿದೆ. ಈಗ ಎರಡು ತೊಂದರೆ. ಮುಂದಿನ ಗ್ಲಾಸ್ ಏರಿಸಬೇಕಾದರೆ ಎರಡೂ ಕೈ ಬೇಕು. ಮೊನ್ನೆ ಮಳೆಗೆ ಡ್ರೈವರ್ ಕಾಲಡಿಯ ಮ್ಯಾಟ್ ಮತ್ತೆ ಒದ್ದೆ. ಹಾಕಿದವರನ್ನು ಕೇಳಿದರೆ "ಹಳೆ ಗಾಡಿ ಅಲ್ವಾ ಸರ್" ಅಂದುಬಿಟ್ಟರು. ಮೇಲಿಂದ ಸಿಲಿಕೋನ್ ಸೀಲೆಂಟ್ ಹಾಕಿ ಮುಚ್ಚಲಾ?

ಮೆಕ್ಯಾನಿಕ್:
ಆ ಸೀಲೆಂಟ್ ಟ್ಯೂಬ್ ಮೊದಲು ಪಕ್ಕಕ್ಕೆ ಇಡಿ ಸರ್.

ಒಂದು ವಿಷಯ ಹೇಳುತ್ತೇನೆ, ಗ್ಯಾರೇಜಿನವರೇ ಎಷ್ಟೋ ಜನ ತಪ್ಪು ತಿಳಿದುಕೊಂಡಿದ್ದಾರೆ. ಆ ಪಟ್ಟಿ ಇರುವುದು ನೀರು ತಡೆಯೋಕೆ ಅಲ್ಲ. ಗ್ಲಾಸ್ ಒರೆಸೋಕೆ, ಕಸ ಕಡ್ಡಿ ಒಳಗೆ ಬೀಳದ ಹಾಗೆ ನೋಡಿಕೊಳ್ಳೋಕೆ, ಗ್ಲಾಸ್ ಗಡಗಡ ಅನ್ನದ ಹಾಗೆ ಹಿಡಿಯೋಕೆ. ಅದೆಷ್ಟೇ ಹೊಸದಿದ್ದರೂ ಜೋರು ಮಳೆಗೆ ಸ್ವಲ್ಪ ನೀರು ಗ್ಲಾಸ್ ಜೊತೆ ಡೋರ್ ಒಳಗೆ ಇಳಿದೇ ಇಳಿಯುತ್ತದೆ. ಇಳಿಯಲಿ ಅಂತಲೇ ಡೋರ್ ತಳದಲ್ಲಿ ತೂತು ಕೊಟ್ಟಿರುತ್ತಾರೆ. ಮೇಲಿಂದ ಬಂದದ್ದು ಕೆಳಗಿಂದ ಆಚೆ ಹೋಗಬೇಕು, ಅಷ್ಟೇ. ನಿಮ್ಮ ಗಾಡಿಯಲ್ಲಿ ಅದು ಆಚೆ ಹೋಗದೆ ಒಳಗೆ ಬರುತ್ತಿದೆ.

ಡೋರ್ ಪ್ಯಾಡ್, ಅಂದರೆ ಡೋರಿನ ಒಳಗಡೆ ಮುಚ್ಚಿರುವ ಹಲಗೆ, ತೆಗೆದಾಗ ಹಿಂದೆ ಪ್ಲಾಸ್ಟಿಕ್ ಶೀಟ್ ಇತ್ತಾ? ತಳದ ತೂತಿಂದ ನೀರು ತೊಟ್ಟಿಕ್ಕುವುದನ್ನು ಯಾವತ್ತಾದರೂ ನೋಡಿದ್ದೀರಾ?

ಪ್ರಶ್ನೆ ಕೇಳಿದವರು:
ಶೀಟ್ ಇತ್ತು ಅಣ್ಣ, ಹರಿದು ಚಿಂದಿಯಾಗಿತ್ತು, ಅವರು ಕಿತ್ತು ಎಸೆದರು. ಪ್ಯಾಡಿನ ಹಾರ್ಡ್‌ಬೋರ್ಡ್ ಕೆಳಗಡೆ ಉಬ್ಬಿದೆ. ತೂತು ನಾನು ನೋಡಿಯೇ ಇಲ್ಲ.

ಮೆಕ್ಯಾನಿಕ್:
ಸಿಕ್ಕಿಬಿತ್ತು ನೋಡಿ. ಹಾರ್ಡ್‌ಬೋರ್ಡ್ ಕೆಳಗೆ ಉಬ್ಬಿದೆ ಅಂದರೆ ಡೋರ್ ಒಳಗಿನ ನೀರು ಪ್ಯಾಡಿಗೆ ತಾಗಿ, ಅಲ್ಲಿಂದ ನಿಮ್ಮ ಮ್ಯಾಟಿಗೆ ಬರುತ್ತಿದೆ ಅಂತಲೇ ಅರ್ಥ.

ಪ್ಯಾಡ್ ಮತ್ತೆ ಬಿಚ್ಚಿ. ಗ್ಲಾಸ್ ಹ್ಯಾಂಡಲ್ ಬುಡದ ಬಿಲ್ಲೆಯನ್ನು ಒಳಕ್ಕೆ ಒತ್ತಿದರೆ ಪಿನ್ನೋ ಕ್ಲಿಪ್ಪೋ ಕಾಣುತ್ತದೆ. ಪಿನ್ ಆದರೆ ತೆಳು ಮೊಳೆಯಿಂದ ತಳ್ಳಿ. ಕ್ಲಿಪ್ ಆದರೆ ಒಂದು ಬಟ್ಟೆ ಚೂರನ್ನು ಬಿಲ್ಲೆಗೂ ಹ್ಯಾಂಡಲಿಗೂ ನಡುವೆ ತೂರಿಸಿ ಎರಡೂ ಕಡೆ ಹಿಡಿದು ಗರಗಸದ ಹಾಗೆ ಎಳೆದಾಡಿ, ಹಾರಿ ಬರುತ್ತದೆ. ಎಲ್ಲಿ ಬಿತ್ತು ಅಂತ ನೋಡಿಕೊಳ್ಳಿ, ನಾನು ಅರ್ಧ ದಿನ ಹುಡುಕಿದ್ದೂ ಇದೆ.

ತಳದ ತೂತುಗಳನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ. ತುಕ್ಕಿನ ಪುಡಿ, ಎಲೆ, ಮಣ್ಣು ಕೂತಿರುತ್ತದೆ. ಕೆಲವರು ತುಕ್ಕು ಹಿಡಿಯಬಾರದು ಅಂತ ಕಪ್ಪು ಕೋಟಿಂಗ್ ಹೊಡೆಸಿ ಆ ತೂತನ್ನೇ ಮುಚ್ಚಿಸಿರುತ್ತಾರೆ, ಆಮೇಲೆ ಡೋರ್ ಒಳಗಿಂದಲೇ ಕೊಳೆಯುತ್ತದೆ. ತಳದಲ್ಲಿ ತುಕ್ಕಿದ್ದರೆ ಉಜ್ಜಿ ಪ್ರೈಮರ್ ಹೊಡೆಯಿರಿ.

ಇನ್ನು ಶೀಟ್. ದಪ್ಪ ಪಾಲಿಥಿನ್ ಸಾಕು, ಡೋರ್ ಅಳತೆಗೆ ಕತ್ತರಿಸಿ ಸುತ್ತ ಬ್ಯುಟೈಲ್ ಟೇಪಿನಿಂದ (ಮೆತ್ತಗೆ ಅಂಟಂಟಾಗಿರುವ ರಬ್ಬರ್ ಟೇಪ್) ಅಂಟಿಸಿ. ಇಲ್ಲಿ ಒಂದೇ ಒಂದು ಗುಟ್ಟು ಇದೆ. ಶೀಟಿನ ಕೆಳ ಅಂಚು ಡೋರ್ ತಗಡಿನ ಹೊರಗೆ ನೇತಾಡಬಾರದು, ತಗಡಿನ ಕಂಡಿಯೊಳಗೆ ತೂರಿಸಿ ಡೋರ್ ಹೊಟ್ಟೆಯೊಳಗೆ ಬಿಡಬೇಕು. ಆಗ ಶೀಟ್ ಮೇಲೆ ಇಳಿದ ನೀರು ಡೋರ್ ಒಳಗೇ ಬಿದ್ದು ತೂತಿಂದ ಹೋಗುತ್ತದೆ. ಅಂಚು ಹೊರಗೆ ಉಳಿದರೆ ಶೀಟ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಈಗ ಗ್ಲಾಸ್ ಬಿಗಿ. ಪಟ್ಟಿಯನ್ನು ಕ್ಲಿಪ್ಪಲ್ಲಿ ಕೂರಿಸಿದ್ದಾರಾ, ಗಮ್ ಹಚ್ಚಿದ್ದಾರಾ?

ಪ್ರಶ್ನೆ ಕೇಳಿದವರು:
ಕ್ಲಿಪ್ ತುಕ್ಕು ಹಿಡಿದಿತ್ತು ಅಂತ ರಬ್ಬರ್ ಗಮ್ ಹಾಕಿದ್ದಾರೆ. ಎರಡು ಕಡೆ ಸ್ಕ್ರೂ ಕೂಡ.

ಮೆಕ್ಯಾನಿಕ್:
ಸ್ಕ್ರೂ ಇವತ್ತೇ ತೆಗೆಯಿರಿ. ತುದಿ ಗ್ಲಾಸಿಗೆ ತಾಗಿದರೆ ಉದ್ದಕ್ಕೆ ಗೀರು ಬೀಳುತ್ತದೆ, ಆ ಗೀರು ಪಾಲಿಶಿಗೂ ಸುಲಭಕ್ಕೆ ಹೋಗಲ್ಲ.

ಪದ್ಮಿನಿ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು, ಈಗ ಸಿಗುವ ಪಟ್ಟಿ ಎಲ್ಲ ಕಂಪನಿಯದಲ್ಲ, ಹೊರಗಿನವರು ಮಾಡಿದ್ದು. ಒಬ್ಬೊಬ್ಬರದು ಒಂದೊಂದು ದಪ್ಪ. ಬೆಂಗಳೂರಲ್ಲಿ ಗಾಡಿ ಸ್ಪೇರ್ ಪಾರ್ಟ್ ಸಿಗುವ ಜೆ.ಸಿ. ರಸ್ತೆಗೆ ಹೋದರೂ ಸರಿ, ಹಳೆ ಪಟ್ಟಿಯ ತುಂಡು, ಒಂದು ಕ್ಲಿಪ್ ಜೇಬಲ್ಲಿ ಇಟ್ಟುಕೊಂಡು ಹೋಗಿ, "ಪದ್ಮಿನಿದು ಕೊಡಿ" ಅಂತ ಬಾಯಲ್ಲಿ ಹೇಳಿದರೆ ಕೈಗೆ ಸಿಕ್ಕಿದ್ದು ಕೊಡುತ್ತಾರೆ.

ಹಾಕುವಾಗ ಗ್ಲಾಸ್ ಪೂರ್ತಿ ಇಳಿಸಿ. ಸುರುಳಿ ಸುತ್ತಿ ಬಂದ ಪಟ್ಟಿಯನ್ನು ಒಂದು ಗಂಟೆ ಬಿಸಿಲಲ್ಲಿ ನೇರ ಮಲಗಿಸಿ, ಮೆತ್ತಗಾಗುತ್ತದೆ. ಎಳೆದು ಕೂರಿಸಬೇಡಿ, ಎಳೆದರೆ ಆಮೇಲೆ ಕುಗ್ಗಿ ಮೂಲೆಯಲ್ಲಿ ಕಂಡಿ ಬಿಡುತ್ತದೆ. ಅರ್ಧ ಸೆಂಟಿಮೀಟರ್ ಜಾಸ್ತಿ ಇಟ್ಟು ಕತ್ತರಿಸಿ, ಕೊನೆಗೆ ಸರಿಮಾಡಿಕೊಳ್ಳಬಹುದು. ಮೆತ್ತನೆ ತುಟಿ ಗ್ಲಾಸ್ ಕಡೆ, ಹೊಸ ಕ್ಲಿಪ್ ಒಂದೊಂದಾಗಿ ಒತ್ತಿ. ರಬ್ಬರ್ ಸುಲಭಕ್ಕೆ ಕೂರದಿದ್ದರೆ ಸೋಪ್ ನೀರು ಸಾಕು.

ಆಮೇಲೆ ಪೇಪರ್ ಪರೀಕ್ಷೆ. ಗ್ಲಾಸ್ ಏರಿಸಿ, ಪಟ್ಟಿಗೂ ಗ್ಲಾಸಿಗೂ ನಡುವೆ ನ್ಯೂಸ್‌ಪೇಪರ್ ಚೂರು ತೂರಿಸಿ ಎಳೆಯಿರಿ. ಸ್ವಲ್ಪ ಹಿಡಿದು ಜಾರಿ ಬಂದರೆ ಸರಿ. ಹರಿದುಹೋದರೆ ಬಿಗಿ ಜಾಸ್ತಿ. ಹಾಗೇ ಓಡಿಸಿದರೆ ಒಳಗಿನ ಗ್ಲಾಸ್ ಏರಿಸಿ ಇಳಿಸುವ ಮಷೀನ್ ಸವೆಯುತ್ತದೆ, ಅದು ಪಟ್ಟಿಗಿಂತ ದುಬಾರಿ. ಸೈಡಿನ ಫೆಲ್ಟ್ ಚಾನೆಲ್ (ಗ್ಲಾಸಿನ ಅಂಚು ಜಾರುವ, ಮೆತ್ತನೆ ಬಟ್ಟೆ ಹಚ್ಚಿದ ಸಂದು) ಕೂಡ ನೋಡಿ, ಅದರಲ್ಲಿ ಮಣ್ಣು ಕೂತಿದ್ದರೂ ಗ್ಲಾಸ್ ಹೀಗೇ ಬಿಗಿಯಾಗುತ್ತದೆ.

ಇನ್ನೊಬ್ಬರು:
ನಡುವೆ ಬಾಯಿ ಹಾಕ್ತಿದ್ದೀನಿ, ಸಾರಿ. ನನ್ನದು ಅಂಬಾಸಿಡರ್. ಗ್ಲಾಸ್ ಬಿಗಿ ಆದಾಗ ನಮ್ಮನೆಯಲ್ಲಿ ತೆಂಗಿನೆಣ್ಣೆ ಹಚ್ಚೋದು. ಚೆನ್ನಾಗಿಯೇ ಓಡುತ್ತಲ್ಲ?

ಮೆಕ್ಯಾನಿಕ್:
ಒಂದು ವಾರ ಓಡುತ್ತದೆ ಸರ್. ಆಮೇಲೆ ಧೂಳು ಅಂಟಿ ಮರಳುಕಾಗದ ಆಗುತ್ತದೆ, ಗ್ಲಾಸ್ ಮೇಲೆ ಸಣ್ಣ ಸಣ್ಣ ಗೆರೆ ಬೀಳುವುದು ಅದರಿಂದಲೇ. ಗ್ರೀಸ್, ಇಂಜಿನ್ ಆಯಿಲ್ ಅಂತೂ ಬೇಡವೇ ಬೇಡ, ರಬ್ಬರ್ ಉಬ್ಬಿಕೊಳ್ಳುತ್ತದೆ. ಚಾನೆಲ್ ಕ್ಲೀನ್ ಮಾಡಿ ಸಿಲಿಕೋನ್ ಸ್ಪ್ರೇ ತೆಳುವಾಗಿ ಹೊಡೆಯಿರಿ. ಆದರೆ ಗಾಡಿಗೆ ಪೇಂಟ್ ಮಾಡಿಸುವ ಯೋಚನೆ ಇದ್ದರೆ ಪೇಂಟ್ ಆಗುವ ತನಕ ಆ ಸ್ಪ್ರೇ ಹತ್ತಿರ ಬಿಡಬೇಡಿ, ಅದು ಬಿದ್ದ ಕಡೆ ಹೊಸ ಪೇಂಟ್ ಸಣ್ಣ ಗುಳಿ ಗುಳಿ ಆಗುತ್ತದೆ, ಪೇಂಟರ್ ನನಗೆ ಬೈದಿದ್ದಾನೆ.

ಪ್ರಶ್ನೆ ಕೇಳಿದವರು (ಹತ್ತು ದಿನದ ನಂತರ):
ಅಣ್ಣ, ಮಾಡಿದೆ. ಡ್ರೈವರ್ ಡೋರ್ ತೂತು ಚುಚ್ಚಿದ ಕೂಡಲೇ ಕಾಫಿ ಬಣ್ಣದ ನೀರು ಒಂದು ಚೊಂಬಿನಷ್ಟು ಬಂತು. ಒಳಗೆ ಒಂದು ಬಾಚಣಿಗೆಯೂ ಸಿಕ್ಕಿತು, ಯಾರದೋ ಗೊತ್ತಿಲ್ಲ. ಶೀಟ್ ಹಾಕಿದೆ, ಕೆಳ ಅಂಚು ಒಳಗೆ ಬಿಟ್ಟೆ. ಗಮ್ ಕೆರೆದು ತೆಗೆಯೋದೇ ಒಂದು ಭಾನುವಾರ ಹಿಡಿಯಿತು. ತೆಳು ಪಟ್ಟಿ ತಂದು ಕ್ಲಿಪ್ಪಲ್ಲಿ ಹಾಕಿದೆ, ಈಗ ಗ್ಲಾಸ್ ಒಂದೇ ಕೈಯಲ್ಲಿ ಏರುತ್ತೆ. ಡ್ರೈವರ್ ಕಡೆ ಮ್ಯಾಟ್ ಒಣಗಿದೆ. ಎಡಗಡೆ ಮಾತ್ರ ಇನ್ನೂ ಸ್ವಲ್ಪ ಒದ್ದೆ.

ಮೆಕ್ಯಾನಿಕ್:
ಎಡಗಡೆ ಮುಂದಿನ ಆ ಸಣ್ಣ ತ್ರಿಕೋನ ಗ್ಲಾಸಿನ ರಬ್ಬರ್ ನೋಡಿ, ಅದಕ್ಕೆ ಬೇರೆಯೇ ರಬ್ಬರ್ ಇರುತ್ತದೆ. ಪ್ಯಾಡ್ ಬಿಚ್ಚಿಟ್ಟು ನೀವು ಟಾರ್ಚ್ ಹಿಡಿದು ಒಳಗೆ ಕೂತುಕೊಳ್ಳಿ, ಮನೆಯವರ ಹತ್ತಿರ ಪೈಪಲ್ಲಿ ನೀರು ಬಿಡಿಸಿ. ಕೆಳಗಿಂದ ಶುರು ಮಾಡಿ ನಿಧಾನ ಮೇಲೆ ಬರಲಿ, ಮೊದಲೇ ಮೇಲಿಂದ ಸುರಿದರೆ ಎಲ್ಲಿಂದ ಬಂತು ಅಂತ ಗೊತ್ತಾಗಲ್ಲ. ಮೂಲೆಯಲ್ಲಿ ಹನಿ ಕಂಡರೆ ಫೋಟೋ ಹಾಕಿ.